ಬಂದರೆ 2, ಬರದಿದ್ದರೆ 4: ಏಳನೇ ತರಗತಿಯ ಒಂದು ಪಾಯಿಂಟ್ ಪಟ್ಟಿಯ ಪ್ರಕರಣ

ಇದು 2022-23ರಲ್ಲಿ ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದದ್ದು. ತಪ್ಪು ಮಾಡಿದ ಮಾಸ್ತರ್ ನಾನೇ. ಊರಿನ ಹೆಸರು ಹಾಕಿಲ್ಲ. ಮಕ್ಕಳ ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಲೆಕ್ಕ ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ. ಈ ಪ್ರಕರಣದಲ್ಲಿ ಎಲ್ಲ ಕೆಟ್ಟದ್ದೂ ಲೆಕ್ಕದಲ್ಲೇ.

ಹಿನ್ನೆಲೆ

ತರಗತಿಯಲ್ಲಿ 44 ಮಕ್ಕಳು. ಇವರ ಓದಿನ ಕಥೆಯೇ ಬೇರೆ. ನಾಲ್ಕನೇ ತರಗತಿ ಇನ್ನೇನು ಮುಗಿಯಬೇಕು ಅನ್ನುವಾಗ, 2020ರ ಮಾರ್ಚ್‌ನಲ್ಲಿ, ಶಾಲೆ ಮುಚ್ಚಿತು. ಗುಡಿ ಕಟ್ಟೆಯ ಮೇಲೆ ವಿದ್ಯಾಗಮ (ಶಾಲೆ ಮುಚ್ಚಿದ್ದಾಗ ಊರಿನಲ್ಲೇ ನಡೆಸಿದ ಪಾಠ) ಅಂತ ಕೂತದ್ದು ಬಿಟ್ಟರೆ ಐದನೇ ತರಗತಿಯನ್ನು ಶಾಲೆ ನೋಡದೆಯೇ ದಾಟಿದರು. ಆರನೆಯದು ಅರ್ಧಂಬರ್ಧ. ಏಳಕ್ಕೆ ಬಂದಾಗ ಸರ್ಕಾರ ಮೇ 16ಕ್ಕೇ ಶಾಲೆ ತೆರೆದು, ತಪ್ಪಿಹೋದ ಕಲಿಕೆ ತುಂಬಲು ‘ಕಲಿಕಾ ಚೇತರಿಕೆ’ ಶುರು ಮಾಡಿತ್ತು. ಆ ಬಿಸಿಲಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಓದಿಸಿದೆ. ಹನ್ನೆರಡು ಮಂದಿಗೆ ಒಂದು ಪ್ಯಾರಾ ತಡವರಿಸದೆ ಓದಲು ಬರುತ್ತಿರಲಿಲ್ಲ. ಅವರಲ್ಲಿ ಐದಾರು ಮಂದಿ ಒತ್ತಕ್ಷರ ಬಂದ ಕಡೆ ನಿಂತುಬಿಡುತ್ತಿದ್ದರು.

ಓದಿಗಿಂತ ನನ್ನನ್ನು ಸುಸ್ತು ಮಾಡಿದ್ದು ಗಲಾಟೆ. ಎರಡು ವರ್ಷ ಹೊಲ, ಬೀದಿ, ಅಪ್ಪನ ಮೊಬೈಲು ಅಂತ ಇದ್ದ ಮಕ್ಕಳಿಗೆ ನಲವತ್ತು ನಿಮಿಷ ಕೂರುವುದೇ ಶಿಕ್ಷೆ. ಪಾಠ ನಡೆಯುವಾಗಲೇ ಎದ್ದು ನೀರು ಕುಡಿಯಲು ಹೋಗುವುದು, ಹಿಂದಿನ ಬೆಂಚಿನಿಂದ ಮುಂದಿನ ಬೆಂಚಿಗೆ ಪೆನ್ನಿನ ಕ್ಯಾಪ್ ಹಾರಿಸುವುದು, ಒಬ್ಬ ಉತ್ತರ ಹೇಳುವಾಗ ಹತ್ತು ಮಂದಿ ನಗುವುದು. ಹೊಡೆಯುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕಾಯ್ದೆ ಇರದಿದ್ದರೂ ನನಗೆ ಆ ಮನಸ್ಸಿರಲಿಲ್ಲ. ಹಾಗಾಗಿ ಕೂಗುತ್ತಿದ್ದೆ. ಜೂನ್ ಕೊನೆಯ ವಾರ ದನಿ ಪೂರ್ತಿ ಹೋಯಿತು. ಉಪ್ಪುನೀರು ಮುಕ್ಕಳಿಸುತ್ತ ಕೂತಾಗ ಹೊಳೆದದ್ದೇ ಪಾಯಿಂಟ್ ಪಟ್ಟಿ.

ನಾಲ್ಕು ನದಿ

ಜುಲೈ 4, ಸೋಮವಾರ, ತರಗತಿಯನ್ನು ಹನ್ನೊಂದು ಹನ್ನೊಂದು ಮಂದಿಯ ನಾಲ್ಕು ತಂಡ ಮಾಡಿದೆ. ಹೆಸರು: ಭೀಮಾ, ಕೃಷ್ಣಾ, ಕಾಗಿಣಾ, ಮಾಂಜ್ರಾ. ನಮ್ಮ ಮೂರು ಜಿಲ್ಲೆಯ ನದಿಗಳು, ಭೂಗೋಳವೂ ಆಯಿತು ಅಂತ ಖುಷಿ. ಹೆಸರು ಬರೆದು ಇನ್ನೂ ಸೀಮೆಸುಣ್ಣ ಕೆಳಗಿಟ್ಟಿರಲಿಲ್ಲ, ಒಬ್ಬ ಎದ್ದು ನಿಂತ: “ಸರ್ರೀ, ಕಾಗಿಣಾ ಹೋಗಿ ಭೀಮಾಕ್ಕ ಸೇರ್ತದ. ನಮ್ಮ ಪಾಯಿಂಟೂ ಅವರಿಗೇ ಹೋಗ್ತಾವೇನ್ರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಅನ್ನಿಸುತ್ತದೆ, ನಗುವ ಬದಲು ಆ ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡು ಇಡೀ ಪಟ್ಟಿ ಓದಿಸಬೇಕಿತ್ತು. ನಿಯಮ ಕೇಳಿದ ಕೂಡಲೇ ಅದು ಎಲ್ಲಿಗೆ ಹರಿಯುತ್ತದೆ ಅಂತ ನೋಡುವ ತಲೆ ಅದು. ನನ್ನ ತಲೆ ಹಾಗೆ ಓಡಿರಲಿಲ್ಲ.

ಪಟ್ಟಿಯನ್ನು ದಪ್ಪ ಡ್ರಾಯಿಂಗ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ಕಿಟಕಿ ಪಕ್ಕ ಅಂಟಿಸಿದೆ. ದಿನದ ಲೆಕ್ಕ ಹೀಗೆ: ತಂಡದವರೆಲ್ಲ ಬಂದರೆ 5 ಪಾಯಿಂಟ್, ಯಾರಾದರೂ ಗೈರಾದರೆ ಆ 5 ಇಲ್ಲ, ಮೇಲೆ ತಲೆಗೆ 1 ಕಡಿತ. ಪ್ರಾರ್ಥನೆಗೆ ತಡವಾದರೆ 1 ಕಡಿತ. ಮಂಗಳವಾರ ಮತ್ತು ಶುಕ್ರವಾರ ಹೋಮ್‌ವರ್ಕ್ ನೋಡುತ್ತೇನೆ. ಅವತ್ತು ಬಂದವರೆಲ್ಲ ಮಾಡಿದ್ದರೆ 5, ಮಾಡದವರು ಇದ್ದರೆ ಆ 5 ಇಲ್ಲ, ಮೇಲೆ ತಲೆಗೆ 2 ಕಡಿತ. ಗಲಾಟೆಗೆ 2 ಕಡಿತ. ಕೈ ಎತ್ತಿ ಸರಿ ಉತ್ತರ ಹೇಳಿದರೆ 1. ಶಾಲೆಯ ಗ್ರಂಥಾಲಯದ ಒಂದು ಪುಸ್ತಕ ಓದಿ ವಾಪಸ್ ಕೊಟ್ಟರೆ 2. ವಾರಕ್ಕೊಮ್ಮೆ ಗೆದ್ದ ತಂಡಕ್ಕೆ ಪೆನ್ನು, ಪೆನ್ಸಿಲ್. ತಿಂಗಳ ಕೊನೆಗೆ ಗೆದ್ದ ತಂಡಕ್ಕೆ ಒಂದು ಕಪ್ಪು, ಒಂದು ತಿಂಗಳು ಅವರ ಬೆಂಚಿನ ಮೇಲೆ ಇಡುವುದಕ್ಕೆ. ಖರ್ಚು ನನ್ನದೇ, ತಿಂಗಳಿಗೆ 600 ರೂಪಾಯಿ ಆಸುಪಾಸು.

ಒಂದು ತಪ್ಪನ್ನು ಮೊದಲ ದಿನವೇ ತಿದ್ದಿಸಿದವರು ಬಿಸಿಯೂಟದ ಅಡಿಗೆಯವರು. ಗೆದ್ದ ತಂಡ ಊಟದ ಸಾಲಿನಲ್ಲಿ ಮೊದಲು ನಿಲ್ಲಬೇಕು ಅಂತ ಇನ್ನೊಂದು ಬಹುಮಾನ ಸೇರಿಸಿದ್ದೆ. ಮಧ್ಯಾಹ್ನ ಸೌಟು ಹಿಡಿದುಕೊಂಡೇ ಅವರು ಹೇಳಿದರು: “ಸರ, ಎಲ್ಲಾದರಾಗೂ ಪೈಪೋಟಿ ಹಚ್ರಿ, ತಾಟಿನ ಮುಂದ ಬ್ಯಾಡ್ರಿ. ಹಿಂದ ನಿಂತ ಕೂಸು ನನ್ನ ಮಾರಿ ನೋಡ್ತದ.” ಊಟ, ಹಾಲು, ಮೊಟ್ಟೆ ಮಕ್ಕಳ ಹಕ್ಕು, ಬಹುಮಾನ ಅಲ್ಲ. ನನಗಿದು ಗೊತ್ತಿರಬೇಕಿತ್ತು. ಅವತ್ತೇ ತೆಗೆದೆ.

ಮೊದಲ ಮೂರು ವಾರ

ಸುಳ್ಳು ಹೇಳಬಾರದು, ಮೊದಲ ಮೂರು ವಾರ ಜಾದೂ ಆದ ಹಾಗಿತ್ತು. ನಾನು ತರಗತಿಗೆ ಹೋಗುವ ಮೊದಲೇ ಸದ್ದು ನಿಂತಿರುತ್ತಿತ್ತು. ತಂಡದ ನಾಯಕರು ಬೆಳಿಗ್ಗೆ ಮನೆಮನೆಗೆ ಹೋಗಿ ಮಲಗಿದವರನ್ನು ಎಬ್ಬಿಸಿ ಕರೆತರುತ್ತಿದ್ದರು. ಹಾಜರಿ ಏರಿತು. ಹೆಡ್ ಮಾಸ್ಟರ್ ಖುಷಿಯಾದರು. ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಸಿಆರ್‌ಪಿ ಬಂದು ಪಟ್ಟಿಯ ಫೋಟೋ ತೆಗೆದು ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದರು. ಚಪ್ಪಾಳೆಯ ಚಿತ್ರಗಳು ಸಾಲಾಗಿ ಬಂದವು.

ಈ ಫೋಟೋ ಪ್ರಕರಣದಲ್ಲಿ ಸಣ್ಣ ವಿಷಯ ಅಲ್ಲ. ಮುಂದೆ ಪಟ್ಟಿಯಲ್ಲಿ ಏನೋ ಸರಿಯಿಲ್ಲ ಅಂತ ಅನ್ನಿಸತೊಡಗಿದಾಗಲೂ ನಾನು ಎರಡು ತಿಂಗಳು ಅದನ್ನು ಮುಟ್ಟಲಿಲ್ಲ. ಹೊಗಳಿಸಿಕೊಂಡ ವಸ್ತುವನ್ನು ಕೆಳಗಿಳಿಸಲು ಮನಸ್ಸು ಬರುವುದಿಲ್ಲ. ಮಕ್ಕಳಿಗೆ ಕಪ್ಪು ಹೇಗೋ ನನಗೆ ಆ ಚಪ್ಪಾಳೆ ಹಾಗೆ.

ಸೂಚನೆಗಳು ಇದ್ದವು. ಒಂದು ಮಂಗಳವಾರ ಭೀಮಾ ತಂಡದ ಹನ್ನೊಂದು ನೋಟ್‌ಬುಕ್ ತಿದ್ದುತ್ತಿದ್ದೆ. ಏಳು ಎಂಟಲಿ ಐವತ್ನಾಲ್ಕು. ಹನ್ನೊಂದರಲ್ಲೂ ಐವತ್ನಾಲ್ಕು. ಪ್ರಾರ್ಥನೆಗೆ ಮೊದಲು ನೀರಿನ ಟ್ಯಾಂಕಿನ ಹಿಂದೆ ಒಬ್ಬನ ಪುಸ್ತಕ ಹತ್ತು ಕೈ ದಾಟುತ್ತಿತ್ತು ಅಂತ ಆಮೇಲೆ ತಿಳಿಯಿತು. ಗ್ರಂಥಾಲಯದ ಕಪಾಟಿನಲ್ಲಿ ತೆಳ್ಳಗಿನ ಪುಸ್ತಕಗಳು ಮಾತ್ರ ಓಡಾಡುತ್ತಿದ್ದವು. ಹದಿನಾರು ಪುಟದ ಚಿತ್ರದ ಪುಸ್ತಕವೊಂದು ಒಂದೇ ವಾರದಲ್ಲಿ ಒಂಬತ್ತು ಸಲ ಹೋಗಿ ಬಂತು. ಮೊದಲೆಲ್ಲ ಮಧ್ಯಾಹ್ನ ಗೋಡೆಗೆ ಒರಗಿ ದಪ್ಪ ಕಥೆ ಪುಸ್ತಕ ಓದುತ್ತಿದ್ದ ಹುಡುಗಿಯೂ ತೆಳ್ಳಗಿನದಕ್ಕೇ ಕೈ ಹಾಕಿದಳು. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಮೊದಲೇ ಹೇಳಿ ಬಹುಮಾನ ಕೊಟ್ಟರೆ ಆ ಇಷ್ಟವೇ ಕುಗ್ಗಬಹುದು ಅನ್ನುವುದು ಹಳೆಯ ಮಾತು. 1973ರಲ್ಲಿ ಅಮೆರಿಕದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಅನ್ನುವವರು ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬರೆದರೆ ಪ್ರಮಾಣಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿ ಬರೆಸಿದರು. ಬಹುಮಾನದ ಮಾತು ಮುಗಿದ ಮೇಲೆ ಆ ಮಕ್ಕಳು ತಾವಾಗಿ ಚಿತ್ರ ಬರೆಯುವ ಹೊತ್ತು ಉಳಿದವರದಕ್ಕಿಂತ ಅರ್ಧದಷ್ಟಕ್ಕೆ ಇಳಿದಿತ್ತು. ಬಿ.ಇಡಿಯಲ್ಲಿ ಓದಿ ಉತ್ತರ ಬರೆದವನೇ ನಾನು. ಕಪಾಟಿನ ಮುಂದೆ ನಿಂತಾಗ ನೆನಪಾಗಲಿಲ್ಲ.

ಇನ್ನೊಂದು, ಕಾಗಿಣಾ ತಂಡ. ಎಂಟು ವಾರದಲ್ಲಿ ಭೀಮಾ ಐದು ಸಲ ಗೆದ್ದಿತ್ತು, ಕಾಗಿಣಾ ಒಂದು ಸಲವೂ ಇಲ್ಲ. ಬುಧವಾರದ ಹೊತ್ತಿಗೆ ಸೋತದ್ದು ಖಚಿತವಾದರೆ ಗುರುವಾರದಿಂದ ಅವರು ಮನಸಾರೆ ಗಲಾಟೆ ಮಾಡುತ್ತಿದ್ದರು. “ಹೆಂಗೂ ಸೋಲ್ತೀವಲ್ರೀ” ಅಂತ ಒಬ್ಬ ನೇರವಾಗಿಯೇ ಅಂದ. ಅವನ ಮಾತಿನಲ್ಲಿ ತಪ್ಪೇನಿದೆ, ಅಲ್ವಾ?

ಮಂಗಳವಾರ, ಶುಕ್ರವಾರ

ಮಲ್ಲು ಮಾಂಜ್ರಾ ತಂಡದವನು. ಅಪ್ಪ ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ನಮ್ಮ ಕಡೆ ಇದು ಅಪರೂಪವಲ್ಲ. ಹಳ್ಳಿಯ ಅರ್ಧ ಮನೆಗಳಲ್ಲಿ ಮುದುಕರು ಮತ್ತು ಮಕ್ಕಳು. ಇವನು ಆಯಿಯ (ಅಜ್ಜಿಯ) ಜೊತೆ ಇದ್ದ. ಬೆಳಿಗ್ಗೆ ಆಡುಗಳಿಗೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಒತ್ತಕ್ಷರದ ಮುಂದೆ ನಿಲ್ಲುವ ಐದಾರು ಮಂದಿಯಲ್ಲಿ ಒಬ್ಬ. ಗಲಾಟೆ ಇಲ್ಲ, ತಂಟೆ ಇಲ್ಲ. ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದೂ ಕಡಿಮೆ.

ಸೆಪ್ಟೆಂಬರ್ 17, ಶನಿವಾರ, ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ಮಲ್ಲು ಬಂದಿದ್ದ. ತೊಳೆದ ಅಂಗಿ, ಎಣ್ಣೆ ಹಚ್ಚಿದ ತಲೆ. ಸಿಹಿ ಹಂಚುವಾಗ ಎಲ್ಲರಿಗಿಂತ ಮುಂದೆ ನಿಂತು ತಟ್ಟೆ ಹಿಡಿದವನು ಅವನೇ. ಸೋಮವಾರ ಹಾಜರಿ ಪುಸ್ತಕದಲ್ಲಿ ವಾರದ ಮೊತ್ತ ಹಾಕುತ್ತಿದ್ದೆ. ಅವನ ಸಾಲಿನ ಮೇಲೆ ಬೆರಳು ನಿಂತಿತು. ಗೈರು ಗುರುತುಗಳು ಕಂಬ ನಿಲ್ಲಿಸಿದ ಹಾಗೆ ಸಮನಾದ ಅಂತರದಲ್ಲಿ: ಮಂಗಳವಾರ, ಶುಕ್ರವಾರ, ಮಂಗಳವಾರ, ಶುಕ್ರವಾರ. ಹಿಂದಿನ ಪುಟ ತಿರುವಿದೆ. ಆಗಸ್ಟ್ ಎರಡನೇ ವಾರದಿಂದ ಹೀಗೇ. ಕಾಯಿಲೆ ಆದರೆ, ಆಡು ಮೇಯಿಸಲು ಹೋದರೆ ವಾರ ನೋಡಿಕೊಂಡು ಹೋಗುತ್ತಾರಾ?

ಸಂಜೆ ಅವನ ಮನೆಗೆ ಹೋದೆ. ಆಯಿ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡುತ್ತಿದ್ದರು. “ಬರ್ರಿ ಮಾಸ್ತರ್ರ” ಅಂತ ಮೊರ ಪಕ್ಕಕ್ಕಿಟ್ಟರು. ಮಂಗಳವಾರ ಯಾಕೆ ಕಳಿಸುವುದಿಲ್ಲ ಅಂತ ಕೇಳಿದೆ. ಅವರಿಗೆ ಆಶ್ಚರ್ಯ.

“ನಾ ಯಾಕ ಕಳಸಂಗಿಲ್ರಿ? ಅವತ್ತ ಸಾಲಿ ಉಳದವರಿಗೆ ಅಷ್ಟ ಅದ, ತನಗಿಲ್ಲ ಅಂತಾನ. ನೀವ ಹೇಳೀರೇನೋ ಅಂತ ಮಾಡಿದ್ಯಾ.”

ಮಲ್ಲು ಒಳಗಿನಿಂದ ಬರಲೇ ಇಲ್ಲ.

ಮರುದಿನ ಮಂಗಳವಾರ, ಅವನು ಇರಲಿಲ್ಲ. ತಂಡದ ನಾಯಕಿ ಭಾಗ್ಯಾಳನ್ನು ಕರೆದೆ. ಈ ಹುಡುಗಿ ಸಂಜೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂರುತ್ತಾಳೆ. ಲೆಕ್ಕ ಬಾಯಲ್ಲೇ. ನಾನು ಬೈಯುತ್ತೇನೆ ಅಂತ ಅವಳಿಗೆ ಅನ್ನಿಸಿರಲಿಲ್ಲ. ನಾಯಕಿಯ ಕೆಲಸ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂತ ತೋರಿಸುವ ಹುರುಪಿನಲ್ಲೇ ರಫ್ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಮುಂದಿಟ್ಟಳು. ಪೆನ್ಸಿಲ್‌ನಲ್ಲಿ, ಎರಡು ಸಾಲು:

ಮ ಬಂದ್ರ: 5 − 1 − 2 = 2
ಮ ಬರ್ಲಿಲ್ಲಂದ್ರ: 5 − 1 = 4

ಅರ್ಥವಾಗಲು ನನಗೆ ಒಂದು ನಿಮಿಷ ಬೇಕಾಯಿತು. ಮಲ್ಲು ಬಂದರೆ ಪೂರ್ತಿ ಹಾಜರಿಯ 5 ಸಿಗುತ್ತದೆ. ತಡ ಆದದ್ದಕ್ಕೆ 1, ಹೋಮ್‌ವರ್ಕ್ ಇಲ್ಲದ್ದಕ್ಕೆ 2 ಹೋಗುತ್ತದೆ. ಹೋಮ್‌ವರ್ಕಿನ 5 ಸಿಗುವುದೇ ಇಲ್ಲ. ಉಳಿಯುವುದು 2. ಅವನು ಬರದಿದ್ದರೆ ಹಾಜರಿಯ 5 ತಪ್ಪುತ್ತದೆ, ಗೈರಿಗೆ 1 ಹೋಗುತ್ತದೆ. ಆದರೆ ಬಂದ ಹತ್ತೂ ಮಂದಿ ಹೋಮ್‌ವರ್ಕ್ ಮಾಡಿರುತ್ತಾರೆ, 5 ಬರುತ್ತದೆ. ಉಳಿಯುವುದು 4. ಹೋಮ್‌ವರ್ಕ್ ಇಲ್ಲದ ದಿನ ಅವನು ಬಂದರೇ ಲಾಭ. ಅದಕ್ಕೇ ಸೋಮವಾರ, ಬುಧವಾರ, ಗುರುವಾರ, ಶನಿವಾರ ಬಾ ಅಂತ ಹೇಳಿದ್ದಳು. ಅವನು ಪಾಪ, ಒಂದು ದಿನವೂ ತಪ್ಪದೆ ಅವಳು ಹೇಳಿದ ಹಾಗೆ ಮಾಡಿದ್ದ.

“ಅಂವಗ ಬೈದೇನವ್ವಾ?” ಅಂತ ಕೇಳಿದೆ.

“ಇಲ್ರೀ ಸರ. ಲೆಕ್ಕ ತೋರಿಸಿದ್ಯಾ. ಅಂವನೂ ಹೂಂ ಅಂದ.”

ನನಗೆ ಕೂರಲು ಕುರ್ಚಿ ಬೇಕಾಯಿತು. ಬೈದಿದ್ದರೆ, ಹೊಡೆದಿದ್ದರೆ ಭಾಗ್ಯಾಳನ್ನು ಕರೆದು ಬುದ್ಧಿ ಹೇಳಬಹುದಿತ್ತು. ಇಲ್ಲಿ ಅವಳು ಕಿಟಕಿ ಪಕ್ಕದ ಹಾಳೆಯನ್ನು ಓದಿದ್ದಳು ಅಷ್ಟೇ. ಮಂಗಳವಾರ ಶಾಲೆಗೆ ಬರಬೇಡ ಅಂತ ಮಲ್ಲುವಿಗೆ ಹೇಳಿದ್ದು ಆ ಹಾಳೆ. ಕೆಳಗೆ ಸಹಿ ನನ್ನದು.

ಇನ್ನೂ ಒಂದು ಮಾತಿದೆ. ಹೋಮ್‌ವರ್ಕ್ ಅವನು ಮಾಡಲಿಲ್ಲ ಅಂತ ನಾನು 2 ಕಡಿಯುತ್ತಿದ್ದೆ. ಪ್ರಶ್ನೆಯನ್ನೇ ಓದಲು ಬಾರದವನು ಉತ್ತರ ಬರೆಯುವುದು ಹೇಗೆ? ಮೇ ತಿಂಗಳ ಬಿಸಿಲಿನಲ್ಲಿ ಅವನನ್ನು ಓದಿಸಿ ನೋಡಿದವನು ನಾನೇ. ಆ ಓದಿನ ಪಟ್ಟಿ ನನ್ನ ಬ್ಯಾಗಿನಲ್ಲಿತ್ತು, ಈ ಪಾಯಿಂಟ್ ಪಟ್ಟಿ ಗೋಡೆಯ ಮೇಲಿತ್ತು. ಎರಡೂ ಒಂದೇ ಹುಡುಗನವು ಅಂತ ನಾನು ಒಂದು ಸಲವೂ ಜೋಡಿಸಿ ನೋಡಿರಲಿಲ್ಲ.

ಹನ್ನೊಂದು ಮೋಸ

ಮೊದಲ ಯೋಚನೆ, ಅಂಕಿ ತಿದ್ದಿಬಿಡೋಣ ಅಂತ. ಗೈರಿಗೆ 1ರ ಬದಲು 5 ಕಡಿತ ಹಾಕಿದರೆ ಮಲ್ಲು ಬರುವುದೇ ಲಾಭ ಆಗುತ್ತದೆ. ಹಾಳೆಯ ಮೇಲೆ ಸರಿ. ಆದರೆ ಆಗ ಜ್ವರ ಬಂದವನನ್ನೂ ಎಳೆದು ತರುತ್ತಾರೆ. ಬಂದವನ ಮೇಲೆ ಹೋಮ್‌ವರ್ಕ್‌ಗಾಗಿ ಸಿಟ್ಟು ತೀರಿಸಿಕೊಳ್ಳುತ್ತಾರೆ. ತಿದ್ದಲಿಲ್ಲ. ಪಟ್ಟಿಯನ್ನು ಗೋಡೆಯಿಂದ ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಮಲ್ಲುವಿನ ಹೆಸರು ಎತ್ತಬಾರದು ಅಂತ ಗಟ್ಟಿ ಮಾಡಿಕೊಂಡು ತರಗತಿಗೆ ಕೇಳಿದೆ: “ಈ ಪಟ್ಟಿ ಇಟ್ಟುಕೊಂಡು ಮೋಸ ಮಾಡಬೇಕು ಅಂದ್ರೆ ಎಷ್ಟು ದಾರಿ ಇವೆ?”

ಸದ್ದಿಲ್ಲ. ಆಮೇಲೆ ಭೀಮಾ ತಂಡದ ಒಬ್ಬ: “ಬೈಯಂಗಿಲ್ಲಲ್ರೀ?”

ಬೈಯುವುದಿಲ್ಲ ಅಂದೆ. ಆ ಒಂದು ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಹನ್ನೊಂದು ದಾರಿ ಬರೆದರು. ಟ್ಯಾಂಕಿನ ಹಿಂದಿನ ನಕಲು. ತೆಳ್ಳಗಿನ ಪುಸ್ತಕ. ಸುಲಭದ ಪ್ರಶ್ನೆಗೆ ಮಾತ್ರ ಕೈ ಎತ್ತುವುದು. ತಡವಾದವನು ಹಿಂದಿನ ಬಾಗಿಲಿನಿಂದ ನುಗ್ಗುವುದು. ಹೆಸರು ಬರೆಯುವ ಮಾನಿಟರ್‌ಗೆ ಒಂದು ಹಿಡಿ ಹುರಿದ ಶೇಂಗಾ ಕೊಟ್ಟು ಗಲಾಟೆ ಲೆಕ್ಕದಿಂದ ಪಾರಾಗುವುದು (ದರವೂ ಇತ್ತಂತೆ, ಒಂದು ಹೆಸರಿಗೆ ಒಂದು ಹಿಡಿ). ಎದುರು ತಂಡದವನನ್ನು ಚಿವುಟಿ ಕೂಗಿಸುವುದು. ಹನ್ನೊಂದನೆಯದನ್ನು ಭಾಗ್ಯಾ ಹೇಳಿದಳು, ಈಗ ಮೆಲ್ಲಗೆ: “ಓದಾಕ ಬರದವರಿಗೆ ಬರಬ್ಯಾಡ ಅನ್ನೋದು.” ಅದನ್ನು ಬರೆಯುವಾಗ ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ.

ಈ ಪ್ರಕರಣದ ತಿರುವು ನನ್ನ ಪ್ರಕಾರ ಇದೇ ಪೀರಿಯಡ್. ಮೂರು ತಿಂಗಳಲ್ಲಿ ಮೊದಲ ಸಲ ನಾಲ್ಕೂ ತಂಡದವರು ಒಂದೇ ಕೆಲಸ ಮಾಡುತ್ತಿದ್ದರು, ಅದೂ ಸದ್ದಿಲ್ಲದೆ. ಯಾರಿಗೂ ಪಾಯಿಂಟ್ ಇರಲಿಲ್ಲ.

ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಚಪ್ಪಾಳೆ ಹಾಕಿದ್ದ ಗುಂಪಿನ ಮುಂದೆ ಹೇಳುವುದು ಸುಲಭ ಇರಲಿಲ್ಲ. ಪಕ್ಕದ ಊರಿನ ಶಿಕ್ಷಕರೊಬ್ಬರು ಒಂದು ಉಪಯೋಗದ ಮಾತು ಹೇಳಿದರು. ತರಗತಿಯನ್ನು ತಂಡ ಮಾಡಿ ಗಲಾಟೆಗೆ ಗುರುತು ಹಾಕುವ ಆಟ 1969ರಷ್ಟು ಹಳೆಯದಂತೆ, ಅಮೆರಿಕದ ಕನ್ಸಾಸ್‌ನ ನಾಲ್ಕನೇ ತರಗತಿಯೊಂದರಲ್ಲಿ ಶುರುವಾದದ್ದು. ಅದರಲ್ಲಿ ಎರಡು ತಂಡ. ಆದರೆ ಗುರುತುಗಳು ಒಂದು ಮಿತಿಯ ಒಳಗಿದ್ದರೆ ಎರಡೂ ತಂಡ ಗೆಲ್ಲಬಹುದಿತ್ತು. ಆಮೇಲೆ ಹುಡುಕಿ ಓದಿದೆ, ಮಾತು ಸರಿ ಇತ್ತು. ಕೇಳಿ ಕಲಿತ ಆಟದಲ್ಲಿ ನನ್ನ ತನಕ ಬಂದದ್ದು ತಂಡ ಮತ್ತು ಗುರುತು. ಎಲ್ಲರೂ ಗೆಲ್ಲಬಹುದು ಅನ್ನುವ ಭಾಗ ದಾರಿಯಲ್ಲೇ ಉದುರಿತ್ತು.

ದಸರಾ ನಂತರ

ರಜೆ ಮುಗಿಸಿ ಅಕ್ಟೋಬರ್‌ನಲ್ಲಿ ಬಂದಾಗ ಹೊಸ ಪಟ್ಟಿ. ಕಡಿತ ಒಂದೂ ಇಲ್ಲ. ಹಾಜರಿ ಪಟ್ಟಿಯಲ್ಲೇ ಇಲ್ಲ. ಪುಸ್ತಕಕ್ಕೂ ಪಾಯಿಂಟ್ ಇಲ್ಲ. ತಂಡಗಳು ಪರಸ್ಪರ ಸ್ಪರ್ಧಿಸುವುದಿಲ್ಲ. ಪ್ರತಿ ತಂಡ ತನ್ನ ಹಿಂದಿನ ವಾರದ ಮೊತ್ತವನ್ನು ದಾಟಬೇಕು. ದಾಟಿದ ತಂಡಕ್ಕೆ ಶನಿವಾರದ ಕೊನೆಯ ಪೀರಿಯಡ್ ಖೋ-ಖೋ. ನಾಲ್ಕೂ ದಾಟಿದರೆ ನಾಲ್ಕಕ್ಕೂ. ಪೆನ್ನು ಪೆನ್ಸಿಲ್ ನಿಂತವು, ನನ್ನ 600 ರೂಪಾಯಿಯೂ ಉಳಿಯಿತು. ಕಪ್ಪನ್ನು ಹೆಡ್ ಮಾಸ್ಟರ್ ಕೋಣೆಯ ಕಪಾಟಿಗೆ ಇಟ್ಟೆವು, ಈಗಲೂ ಅಲ್ಲೇ ಇದೆ.

ಹೋಮ್‌ವರ್ಕ್ ಮೂರು ಥರ ಮಾಡಿದೆ. ಮಲ್ಲುವಿನಂಥವರಿಗೆ ದಿನಕ್ಕೆ ಐದು ಪದ ಓದುವುದು, ಮನೆಯಲ್ಲಿ ಕೇಳಿದ ಒಂದು ಸಂಗತಿ ಬಂದು ಹೇಳುವುದು. ಅದು ಮಾಡಿದರೂ ಪೂರ್ತಿ ಪಾಯಿಂಟ್. ಇದಕ್ಕೆ ಕೆಲವು ಜಾಣ ಮಕ್ಕಳು ಗೊಣಗಿದರು. “ಅಂವಗ ಐದು ಪದ, ನಮಗ ಐದು ಲೆಕ್ಕ, ಪಾಯಿಂಟ್ ಮಾತ್ರ ಒಂದೇ?” ಉತ್ತರ ಕೊಡುವ ಮೊದಲೇ ಇನ್ನೊಬ್ಬ ಹೇಳಿದ: “ನಿನಗ ಐದು ಲೆಕ್ಕ ಹತ್ತು ನಿಮಿಷ, ಅಂವಗ ಐದು ಪದ ಒಂದು ತಾಸು.” ಅಲ್ಲಿಗೆ ಮುಗಿಯಿತು.

ಎಲ್ಲ ಸರಿಹೋಯಿತು ಅಂತ ಅಲ್ಲ. ಓದಲು ಕಲಿಸಿದ ಗೆಳೆಯನಿಗೆ 3 ಪಾಯಿಂಟ್ ಅಂತ ಒಂದು ಸಾಲು ಸೇರಿಸಿದ್ದೆ. ಎರಡನೇ ವಾರ ಭಾಗ್ಯಾ ಮಲ್ಲುವನ್ನು ಕರೆತಂದಳು. ಇಪ್ಪತ್ತು ಪದ ಪಟಪಟ ಓದಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದು ಅಂದೆ. ಅವನು ಮೊದಲನೆಯ ಪದದಿಂದಲೇ ಶುರು ಮಾಡಿದ. ಬಾಯಿಪಾಠ. ಇಬ್ಬರೂ ನೆಲ ನೋಡಿದರು. ಆ ಸಾಲನ್ನು ಅಲ್ಲೇ ಹೊಡೆದು ಹಾಕಿದೆ. ಪಾಯಿಂಟ್ ಹೋದ ಮೇಲೂ ಭಾಗ್ಯಾ ಮಧ್ಯಾಹ್ನ ಅವನ ಜೊತೆ ಕೂರುವುದು ಬಿಡಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಅದೂ ಲೆಕ್ಕ ಆಗುತ್ತಿತ್ತು. ಪದಪಟ್ಟಿ ಬಿಟ್ಟು ಅವಳು ಅಂಗಡಿಯ ಪೊಟ್ಟಣಗಳ ಮೇಲಿನ ಹೆಸರು ಓದಿಸುತ್ತಿದ್ದಳು: ಬೆಲ್ಲ, ಉಪ್ಪು, ಅಕ್ಕಿ, ಬೆಂಕಿಪೊಟ್ಟಣ. ಒತ್ತಕ್ಷರ ಕಲಿಸಲು ಅದಕ್ಕಿಂತ ಒಳ್ಳೆಯ ಪಟ್ಟಿ ನಾನು ಬರೆಯಲಾರೆ.

ಗಲಾಟೆ ಜುಲೈನ ಮೊದಲ ವಾರಗಳಷ್ಟು ಕಡಿಮೆ ಆಗಲಿಲ್ಲ. ಕಡಿತದ ಹೆದರಿಕೆ ತೆಗೆದರೆ ಸದ್ದು ಸ್ವಲ್ಪ ವಾಪಸ್ ಬರುತ್ತದೆ. ನಾನು ಅದನ್ನು ಒಪ್ಪಿಕೊಂಡೆ. ಪೈಪೋಟಿ ಇಷ್ಟಪಡುತ್ತಿದ್ದ ಮೂರ್ನಾಲ್ಕು ಮಕ್ಕಳಿಗೆ ಹೊಸ ಪಟ್ಟಿ ಸಪ್ಪೆ ಅನ್ನಿಸಿತು. ಅವರನ್ನು ಪ್ರತಿಭಾ ಕಾರಂಜಿಯ ಸ್ಪರ್ಧೆಗಳಿಗೆ ತಯಾರು ಮಾಡಿದೆ. ಗೆಲ್ಲುವ ಹಸಿವು ಕೆಟ್ಟದ್ದೇನಲ್ಲ, ಅದರ ಬೆಲೆಯನ್ನು ಪಕ್ಕದ ಬೆಂಚಿನವನು ಕೊಡುವಂತೆ ಆಗಬಾರದು ಅಷ್ಟೇ. ಸ್ಪರ್ಧೆಗೆ ಹೆಸರು ಕೊಡುವವನು ಒಪ್ಪಿ ಕೊಡುತ್ತಾನೆ. ತರಗತಿಯಲ್ಲಿ ಮಲ್ಲುವಿನ ಒಪ್ಪಿಗೆ ಯಾರು ಕೇಳಿದ್ದರು?

ನವೆಂಬರ್‌ನಲ್ಲಿ ಹತ್ತಿ ಬಂತು. ಯಾದಗಿರಿಯ ಕಪ್ಪು ಹೊಲಗಳು ಬೆಳ್ಳಗಾದ ಮೇಲೆ ಶಾಲೆ ಖಾಲಿಯಾಗುವುದು ಇಲ್ಲಿನ ಶಿಕ್ಷಕರಿಗೆಲ್ಲ ಗೊತ್ತು. ಹತ್ತಿ ಬಿಡಿಸಲು ಕೆಜಿ ಲೆಕ್ಕದ ಕೂಲಿ, ಸಣ್ಣ ಕೈ ಚುರುಕು. ನನ್ನ ತರಗತಿಯಲ್ಲಿ ಒಂಬತ್ತು ಮಂದಿ ಹೊಲಕ್ಕೆ ಹೋದರು. ಹಳೆಯ ಪಟ್ಟಿ ಇದ್ದಿದ್ದರೆ ಮನೆಯ ಬಡತನಕ್ಕೂ ಪಾಯಿಂಟ್ ಕಡಿಯುತ್ತಿದ್ದೆ. ಇದು ಬಹುಮಾನದಿಂದ ಬಗೆಹರಿಯುವ ವಿಷಯವೇ ಅಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರ ಜೊತೆ ಮನೆಗಳಿಗೆ ಹೋದೆವು. ನಾಲ್ಕು ಮಂದಿ ಎರಡು ವಾರದಲ್ಲಿ ವಾಪಸ್ ಬಂದರು. ಉಳಿದ ಐವರು ಬಂದದ್ದು ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಮುಗಿದ ಮೇಲೆ.

ಮಲ್ಲು ಆ ಐವರಲ್ಲಿ ಇರಲಿಲ್ಲ. ಅಕ್ಟೋಬರ್ ನಂತರ ಅವನ ಸಾಲಿನಲ್ಲಿ ಗೈರು ಇದ್ದವು, ಆದರೆ ವಾರ ನೋಡಿಕೊಂಡು ಬಂದ ಗೈರು ಅಲ್ಲ. ಒಮ್ಮೆ ಆಡು ಈದಿತ್ತು, ಒಮ್ಮೆ ಆಯಿಗೆ ಮೈಯಲ್ಲಿ ಸರಿ ಇರಲಿಲ್ಲ. ತಡವಾಗಿ ಬರುವುದು ನಿಲ್ಲಲಿಲ್ಲ. ಮಾರ್ಚ್ ಹೊತ್ತಿಗೆ ಒಂದು ಪ್ಯಾರಾವನ್ನು ಬೆರಳಿಟ್ಟು ಓದುತ್ತಿದ್ದ. ಏಳನೇ ತರಗತಿಗೆ ಅದು ಸಾಲದು. ಜೂನ್‌ನಲ್ಲಿ ಪಕ್ಕದ ಊರಿನ ಎಂಟನೇ ತರಗತಿಗೆ ಸೇರಿದ.

ಪುನಃ ಮಾಡುವುದಾದರೆ

ಈಗ ಯಾರಾದರೂ ಪಾಯಿಂಟ್ ಪಟ್ಟಿ ಬೇಡವೇ ಬೇಡವಾ ಅಂತ ಕೇಳಿದರೆ, ಬೇಡ ಅನ್ನುವುದಿಲ್ಲ. 44 ಮಕ್ಕಳು, ಒಬ್ಬ ಮಾಸ್ತರ್, ಹೋದ ದನಿ. ಏನಾದರೂ ಬೇಕಾಗುತ್ತದೆ. ಆದರೆ ಗೋಡೆಗೆ ಅಂಟಿಸುವ ಮೊದಲು ತರಗತಿಯ ಅತಿ ಹಿಂದುಳಿದ ಮಗುವಿನ ಹೆಸರಿನಲ್ಲಿ ಒಂದು ದಿನದ ಲೆಕ್ಕ ಹಾಕಿ ನೋಡುತ್ತೇನೆ. ಅವನು ಬಂದರೆ ತಂಡಕ್ಕೆ ಎಷ್ಟು, ಬರದಿದ್ದರೆ ಎಷ್ಟು. ಐದು ನಿಮಿಷದ ಕೆಲಸ, ಭಾಗ್ಯಾ ಪೆನ್ಸಿಲ್‌ನಲ್ಲಿ ಮಾಡಿದಳು. ಒಬ್ಬನ ತಪ್ಪಿಗೆ ತಂಡಕ್ಕೆ ಕಡಿತ ಹಾಕುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ಇನ್ನು ಯಾವ ಪಟ್ಟಿಗೂ ಒಂದೂವರೆ ತಿಂಗಳಿಗಿಂತ ಜಾಸ್ತಿ ಆಯಸ್ಸು ಕೊಡುವುದಿಲ್ಲ. ಅಷ್ಟರಲ್ಲಿ ಮಕ್ಕಳು ಅದರ ಸಂದುಗೊಂದು ಎಲ್ಲ ನೋಡಿರುತ್ತಾರೆ.

ಮೊನ್ನೆ ಕಲಬುರಗಿ ಕಡೆಯ ಒಬ್ಬ ಸ್ನೇಹಿತರು ಹೊಸ ಪಟ್ಟಿ ಕೇಳಿದರು. ವಾಟ್ಸಾಪ್‌ನಲ್ಲಿ ಕಳಿಸಿದೆ. ಅಂಟಿಸುವ ಮೊದಲು ಒಂದು ಪೀರಿಯಡ್ ಮಕ್ಕಳ ಕೈಗೆ ಕೊಟ್ಟು ಮೋಸದ ದಾರಿ ಹುಡುಕಿಸಿ ಅಂದೆ. ಒಂದು ವಾರ ಬಿಟ್ಟು ಅವರ ಮೆಸೇಜ್ ಬಂತು. ಕಡಿತ ಇಲ್ಲ, ಹಾಜರಿ ಇಲ್ಲ, ಆದರೂ ಅಲ್ಲಿನ ಮಕ್ಕಳು ಆರು ದಾರಿ ಹುಡುಕಿದ್ದರು. ಐದು ನನಗೆ ಗೊತ್ತಿದ್ದವೇ. ಆರನೆಯದು: “ಒಂದು ವಾರ ಬೇಕಂತಲೇ ಕಡಿಮೆ ಮಾಡೋದು. ಮುಂದಿನ ವಾರ ದಾಟೋದು ಸರಳ ಆಗ್ತದ.”

ಆ ವರ್ಷದ ಪಾಯಿಂಟ್ ಪುಸ್ತಕವನ್ನು ಟ್ರಂಕಿನಿಂದ ಹುಡುಕಿ ತೆಗೆದೆ. ಭೀಮಾ ತಂಡ, ಡಿಸೆಂಬರ್‌ನಿಂದ ಆರು ವಾರ: 18, 33, 17, 34, 19, 35. ಮೂರು ಶನಿವಾರ ಖೋ-ಖೋ. ಪ್ರತಿ ಮೊತ್ತದ ಪಕ್ಕ ಕೆಂಪು ಪೆನ್ನಿನಲ್ಲಿ ನನ್ನ ಸಹಿ. 33, 34, 35ರ ಮುಂದೆ ‘ಶಭಾಷ್’ ಅಂತಲೂ ಬರೆದಿದ್ದೇನೆ.